ಯೂರಿಯಾ ಮೂಟೆ, ತಿಪ್ಪೆ ಗೊಬ್ಬರ: ಬೆಂಗಳೂರು ಸುತ್ತ ಹೊಲ ಇರೋರು ಸಾರಜನಕದ ಲೆಕ್ಕ ಹಿಡಿಯೋದು ಹೇಗೆ

ದೊಡ್ಡಬಳ್ಳಾಪುರದ ಹತ್ರ ನಮ್ಮದು ಎರಡು ಎಕರೆ ಕೆಂಪು ಮಣ್ಣಿನ ಹೊಲ ಇದೆ, ನಾನು ಯಲಹಂಕದಲ್ಲಿ ಇರೋದ್ರಿಂದ ವಾರಕ್ಕೊಂದ್ಸಲ ಹೋಗ್ತೀನಿ, ದಿನಾ ನೋಡ್ಕೊಳೋರು ಚಿಕ್ಕಪ್ಪ. ಹೋದ ಆಗಸ್ಟಲ್ಲಿ ಹೋದಾಗ ಬದು ಮೇಲೆ ನಿಂತಿದ್ದೋರು ನನ್ನ ನೋಡಿದ್ ತಕ್ಷಣ, "ಲೋ ಮಗ, ಒಂದು ಮೂಟೆ ಯೂರಿಯಾ ಚೆಲ್ಲಿ ಹದಿನೈದು ದಿನ ಆಯ್ತು ಕಣೋ, ರಾಗಿ ಇನ್ನೂ ಹಳದಿಗೇ ಐತೆ, ಮೂಟೆಲೇ ಏನಾದ್ರೂ ಬೆರಕೆ ಐತಾ?" ಅಂದ್ರು. ಬೆರಕೆ ಏನೂ ಇರ್ಲಿಲ್ಲ. ಅವ್ರು ಚೆಲ್ಲಿದ ದಿನ ಬರೀ ತುಂತುರು ಬಿದ್ದು ಮಣ್ಣು ಮೇಲ್ಮೇಲೆ ಒದ್ದೆ ಆಗಿತ್ತು, ಆಮೇಲೆ ನಾಲ್ಕೈದು ದಿನ ಬಿಸಿಲು ಗಾಳಿ, ಅದಾದ್ಮೇಲೆ ಒಂದು ರಾತ್ರಿ ಬದು ಒಡೆಯೋ ಹಂಗೆ ಮಳೆ ಹುಯ್ತು. ಹರಳು ಮಣ್ಣಿನ ಮೇಲೇ ಕರಗಿ ಒಂದಷ್ಟು ಗಾಳಿಗೆ ಹೋಯ್ತು, ಉಳಿದಿದ್ರಲ್ಲಿ ಒಂದಷ್ಟು ನೀರಿನ ಜೊತೆ ಹರಿದು ಹೋಯ್ತು, ರಾಗಿ ಬೇರಿಗೆ ಸಿಕ್ಕಿದ್ದು ಅದೂ ಇದೂ ಮಿಕ್ಕಿದ್ದು ಅಷ್ಟೇ.

ನಮ್ಮ ಸುತ್ತಮುತ್ತ ದೇವನಹಳ್ಳಿ, ಹೊಸಕೋಟೆ, ಆನೇಕಲ್, ಮಾಗಡಿ ಕಡೆ ಎಕರೆ ಎರಡೆಕರೆ ಇಟ್ಕೊಂಡಿರೋರು ತುಂಬಾ ಜನ ಇದೇ ಪ್ರಶ್ನೆ ಕೇಳ್ತಾರೆ, ಎಷ್ಟು ಹಾಕ್ಬೇಕು ಅಂತ. ನನ್ನ ಅನುಭವದಲ್ಲಿ ಎಷ್ಟು ಅನ್ನೋದಕ್ಕಿಂತ ಮುಂಚೆ ಯಾವಾಗ, ಎಲ್ಲಿ ಅನ್ನೋದು ಬರುತ್ತೆ, ಯಾಕಂದ್ರೆ ರಂಜಕದ ಥರ ಸಾರಜನಕ ಹಾಕಿದ್ ಜಾಗದಲ್ಲಿ ಕೂತಿರಲ್ಲ, ದಿನಾ ರೂಪ ಬದಲಾಯಿಸ್ತಾ ಓಡಾಡ್ತಾನೇ ಇರುತ್ತೆ. ಹಾಗಾಗಿ ಒಂದೊಂದೇ ಹೆಜ್ಜೆ ಬರೀತೀನಿ, ಕೈಲಿ ಒಂದು ಪೆನ್ನು ನೋಟ್‌ಬುಕ್ ಇಟ್ಕೊಂಡು ಓದಿ.

ಹೆಜ್ಜೆ 1: ಸಾರಜನಕ ಯಾವ ದಾರಿಲಿ ಹೋಗುತ್ತೆ ತಿಳ್ಕೊಳಿ

ಗಾಳಿಲಿ 78 ಪರ್ಸೆಂಟ್ ಸಾರಜನಕನೇ ಇರೋದು. ಒಂದು ಎಕರೆ ಮೇಲೆ ಆಕಾಶದವರೆಗೆ ನಿಂತಿರೋ ಗಾಳಿಲಿ ಲೆಕ್ಕ ಹಾಕಿದ್ರೆ 30 ಸಾವಿರ ಟನ್ ಮೇಲೆ ಬರುತ್ತೆ, ಆದ್ರೆ ರಾಗಿಗೆ ಅದ್ರಲ್ಲಿ ಒಂದು ಗ್ರಾಮೂ ನೇರವಾಗಿ ತಗೊಳಕ್ಕಾಗಲ್ಲ. ಬೇರಿಗೆ ಬೇಕಾಗಿರೋದು ಮುಖ್ಯವಾಗಿ ಎರಡು ರೂಪ, ಅಮೋನಿಯಂ ಮತ್ತೆ ನೈಟ್ರೇಟ್.

ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಹೆಚ್ಚಾಗಿ ಪ್ರೋಟೀನಿನ ಥರದ ಸಾವಯವ ರೂಪದಲ್ಲಿ ಕಟ್ಟಿ ಹಾಕಿದಂಗೆ ಇರುತ್ತೆ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನ ತಿಂದು ಜೀರ್ಣ ಮಾಡಿ ಅಮೋನಿಯಂ ಬಿಡ್ತವೆ, ಇದು ವಾರಗಟ್ಲೆ ತಿಂಗಳುಗಟ್ಲೆ ಸ್ವಲ್ಪ ಸ್ವಲ್ಪ ನಡೆಯೋ ಕೆಲಸ. ಯೂರಿಯಾ ಮಣ್ಣಿನ ತೇವಕ್ಕೆ ತಾಗಿದ್ರೆ ಯೂರಿಯೇಸ್ ಅನ್ನೋ ಕಿಣ್ವ ಕೆಲವೇ ದಿನದಲ್ಲಿ ಅದನ್ನ ಅಮೋನಿಯಂ ಮಾಡಿಬಿಡುತ್ತೆ. ಅಲ್ಲಿಂದ ಮುಂದೆ ಎರಡರ ದಾರೀನೂ ಒಂದೇ. ನೈಟ್ರೊಸೊಮೊನಾಸ್ ಥರದ ಬ್ಯಾಕ್ಟೀರಿಯಾ ಅಮೋನಿಯಂನ ನೈಟ್ರೈಟ್ ಮಾಡ್ತವೆ, ನೈಟ್ರೊಬ್ಯಾಕ್ಟರ್ ಥರದವು ಅದನ್ನ ನೈಟ್ರೇಟ್ ಮಾಡ್ತವೆ, ಬೆಚ್ಚಗಿನ ಹದವಾದ ಮಣ್ಣಲ್ಲಿ ಇದೆಲ್ಲಾ ಎರಡು ಮೂರು ವಾರದಲ್ಲಿ ಬಹುಪಾಲು ಆಗೋಗುತ್ತೆ. ಈ ನೈಟ್ರೇಟು ಮೂಟೆಯಿಂದ ಬಂತಾ ತಿಪ್ಪೆಯಿಂದ ಬಂತಾ ಅಂತ ಬೇರು ಕೇಳಲ್ಲ.

ಈಗ ಕೈತಪ್ಪಿ ಹೋಗೋ ದಾರಿ ಮೂರು, ಇದನ್ನ ಮಾತ್ರ ಮರೀಬೇಡಿ. ಒಂದು, ಅಮೋನಿಯಂ ಮಣ್ಣಿನ ಮೇಲ್ಭಾಗದಲ್ಲೇ ಇದ್ರೆ ಅಮೋನಿಯ ಗ್ಯಾಸ್ ಆಗಿ ಹಾರಿಹೋಗುತ್ತೆ, ಯೂರಿಯಾ ಹರಳು ಬಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ಅಂತ ಹೇಳೋ ಅಳತೆ, ಕಡಿಮೆ ಆದಷ್ಟೂ ಹುಳಿ) ಏರೋದ್ರಿಂದ ಇದು ಇನ್ನೂ ಜೋರು. ಎರಡು, ನೈಟ್ರೇಟ್ ನೀರಿನ ಜೊತೆ ಕೆಳಗಿಳಿಯುತ್ತೆ. ಜೇಡಿ ಕಣಕ್ಕೆ ಋಣ ಚಾರ್ಜು, ಅಮೋನಿಯಂಗೆ ಧನ ಚಾರ್ಜು, ಅದಕ್ಕೇ ಅಂಟ್ಕೊಂಡಿರುತ್ತೆ, ನೈಟ್ರೇಟಿಗೂ ಋಣ ಚಾರ್ಜೇ ಆಗಿರೋದ್ರಿಂದ ಹಿಡ್ಕೊಳೋರು ಯಾರೂ ಇಲ್ಲ, ಅದ್ರಲ್ಲೂ ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಲ್ಲಿ ಬೇಗ ಸೋರಿಹೋಗುತ್ತೆ. ಮೂರು, ನೀರು ನಿಂತು ಗಾಳಿ ಆಡದೆ ಇದ್ದಾಗ ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೇಟಿನ ಆಮ್ಲಜನಕ ಕಿತ್ಕೊಂಡು ಉಸಿರಾಡ್ತವೆ, ಸಾರಜನಕ ಗ್ಯಾಸ್ ಆಗಿ ವಾಪಸ್ ಗಾಳಿಗೆ ಸೇರುತ್ತೆ. ಅದ್ರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್, 100 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈ ಆಕ್ಸೈಡಿಗಿಂತ ಸುಮಾರು 273 ಪಟ್ಟು ಭೂಮಿನ ಬಿಸಿ ಮಾಡೋ ಗ್ಯಾಸು.

ಹೆಜ್ಜೆ 2: ಮಣ್ಣು ಪರೀಕ್ಷೆ

ಏಪ್ರಿಲಲ್ಲೇ ಮಾಡಿಸಿ, ಗೊಬ್ಬರ ಹೊಡೆಯೋಕೆ ಮುಂಚೆ. ಹೊಲದಲ್ಲಿ ಅಂಕುಡೊಂಕಾಗಿ ನಡ್ಕೊಂಡು ಹತ್ತು ಹದಿನೈದು ಕಡೆ ಮೇಲಿನ ಕಸ ಕಡ್ಡಿ ಸರಿಸಿ, ಅರ್ಧ ಅಡಿ ಆಳಕ್ಕೆ ವಿ ಆಕಾರದಲ್ಲಿ ಗುಂಡಿ ತೆಗ್ದು, ಪಕ್ಕದಿಂದ ಒಂದು ಇಂಚು ದಪ್ಪ ಮಣ್ಣು ಕೆರೆದು ಬಕೆಟ್ಟಿಗೆ ಹಾಕಿ. ತಿಪ್ಪೆ ಇದ್ದ ಜಾಗ, ಬದು ಪಕ್ಕ, ಮರದ ಕೆಳಗೆ ಬೇಡ. ಎಲ್ಲಾ ಬೆರೆಸಿ ನಾಲ್ಕು ಭಾಗ ಮಾಡಿ ಎದುರು ಬದುರಿನ ಎರಡು ಭಾಗ ಬಿಸಾಕಿ, ಹಿಂಗೇ ಅರ್ಧ ಕೆಜಿ ಉಳಿಯೋವರೆಗೆ ಮಾಡಿ ನೆರಳಲ್ಲಿ ಒಣಗಿಸಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದ್ರೆ ಎಲ್ಲಿ ಕೊಡ್ಬೇಕು ಹೇಳ್ತಾರೆ, ನಮ್ಮ ಕಡೆಯೋರಿಗೆ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವೂ ಇದೆ.

ಪರೀಕ್ಷೆಯ ಫಲಿತಾಂಶದ ಕಾರ್ಡ್ ಬಂದ್ಮೇಲೆ ಎಲ್ಲರೂ ಸಾರಜನಕದ ಅಂಕಿ ನೋಡ್ತಾರೆ, ಹೆಕ್ಟೇರಿಗೆ 280 ಕೆಜಿಗಿಂತ ಕೆಳಗಿದ್ರೆ ಕಡಿಮೆ, 560 ದಾಟಿದ್ರೆ ಜಾಸ್ತಿ ಅಂತ. ನಾನು ಮೊದ್ಲು ನೋಡೋದು ಸಾವಯವ ಇಂಗಾಲ, ಅಂದ್ರೆ ಕೊಳೆತ ಎಲೆ, ಬೇರು, ಗೊಬ್ಬರದಿಂದ ಮಣ್ಣಲ್ಲಿ ಉಳಿದಿರೋ ಇಂಗಾಲ, ಆಮೇಲೆ ಪಿಎಚ್. ಸಾವಯವ ಇಂಗಾಲ ಅರ್ಧ ಪರ್ಸೆಂಟಿಗಿಂತ ಕಡಿಮೆ ಇದ್ರೆ ಮಣ್ಣು ಬಡವಾಗಿದೆ, ಮುಕ್ಕಾಲು ದಾಟಿದ್ರೆ ಚೆನ್ನಾಗಿದೆ. ಯಾಕೆ ಇದು ಮುಖ್ಯ ಅಂದ್ರೆ, ಅರ್ಧ ಪರ್ಸೆಂಟ್ ಇರೋ ಎಕರೆಲಿ ಮೇಲಿನ ಅರ್ಧ ಅಡಿ ಮಣ್ಣಲ್ಲೇ ಹೆಚ್ಚುಕಮ್ಮಿ 400 ಕೆಜಿ ಸಾರಜನಕ ಸಾವಯವ ರೂಪದಲ್ಲಿ ಕೂತಿರುತ್ತೆ, ವರ್ಷಕ್ಕೆ ಅದ್ರಲ್ಲಿ ನೂರಕ್ಕೆ ಎರಡು ಮೂರು ಪಾಲು ಬಿಡುಗಡೆ ಆದ್ರೂ 8ರಿಂದ 12 ಕೆಜಿ ಆಯ್ತು, ಅಂದ್ರೆ ಸುಮಾರು ಅರ್ಧ ಮೂಟೆ ಯೂರಿಯಾದಷ್ಟು. ಇಂಗಾಲ ಏರಿದಂಗೆ ಇದೂ ಏರುತ್ತೆ. ಮೊದಲ ಮಳೆ ಬಿದ್ದಾಗ ಮಣ್ಣಿನ ವಾಸನೆ ಬರುತ್ತಲ್ಲ, ಅದೇ ಹೊತ್ತಿಗೆ ಬೇಸಿಗೆಲಿ ಮಲಗಿದ್ದ ಜೀವಿಗಳು ಎದ್ದು ಒಂದೇ ಸಲ ಸಾಕಷ್ಟು ನೈಟ್ರೇಟ್ ಬಿಡ್ತವೆ, ಭರಣಿ ಕೃತ್ತಿಕೆ ಮಳೆಲಿ ಉತ್ತು ಬೇಗ ಏನಾದ್ರೂ ಬಿತ್ತಿದೋರಿಗೆ ಅದು ಸಿಗುತ್ತೆ, ಖಾಲಿ ಬಿಟ್ಟೋರಿಗೆ ಕಳೆ ತಿನ್ನುತ್ತೆ ಇಲ್ಲಾ ಕೆಳಗಿಳಿಯುತ್ತೆ.

ಹೆಜ್ಜೆ 3: ತಿಪ್ಪೆನ ಸರಿ ಮಾಡಿ

ಇಲ್ಲಿ ನಂಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಮನೆಲಿ ಎರಡು ಹಸು ಕಟ್ಟಿರೋರೂ ಅರ್ಧ ಗೊಬ್ಬರನ ಹೊಲಕ್ಕೆ ಹೋಗೋ ಮುಂಚೆನೇ ಕಳ್ಕೊಂಡಿರ್ತಾರೆ. ಸಗಣಿಗಿಂತ ಗಂಜಲದಲ್ಲಿ ಸಾರಜನಕ ಜಾಸ್ತಿ, ಗಂಜಲದಲ್ಲಿ ಸುಮಾರು 1 ಪರ್ಸೆಂಟ್, ಅದೂ ಹೆಚ್ಚಾಗಿ ಯೂರಿಯಾ ರೂಪದಲ್ಲೇ ಇರೋದು, ಅಂಗಡಿಲಿ ತರೋ ವಸ್ತುನೇ. ಆದ್ರೆ ಕೊಟ್ಟಿಗೆಗೆ ಸಿಮೆಂಟ್ ನೆಲ ಹಾಕಿ ಪೈಪಲ್ಲಿ ನೀರು ಬಿಟ್ಟು ತೊಳೆದು ಚರಂಡಿಗೆ ಬಿಡ್ತೀವಿ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಕಣ್ಣು ಉರಿಯೋ ಘಾಟು ಬರುತ್ತಲ್ಲ, ಅದೇ ಅಮೋನಿಯ. ರಾಗಿ ಹುಲ್ಲಿನ ಚೂರು, ಒಣ ಎಲೆ, ತೆಂಗಿನ ನಾರಿನ ಪುಡಿ, ಏನಿದ್ಯೋ ಅದನ್ನ ಹಸು ಕೆಳಗೆ ಹಾಸಿ, ಗಂಜಲ ಅದ್ರಲ್ಲಿ ಇಂಗಲಿ, ಅದನ್ನ ಸಗಣಿ ಜೊತೆ ತಿಪ್ಪೆಗುಂಡಿಗೆ ಹಾಕಿ. ಗುಂಡಿ ಮೂರಡಿ ಆಳ ಸಾಕು, ಮೇಲೆ ಹೊಂಗೆ ಮರದ ನೆರಳಿದ್ರೆ ಒಳ್ಳೇದು, ಒಂದೊಂದು ಅಡಿ ತುಂಬಿದಾಗ ಒಂದು ಪದರ ಮಣ್ಣು, ತುಂಬಿದ್ಮೇಲೆ ಮಣ್ಣು ಸಗಣಿ ಸಾರಿಸಿ ಮುಚ್ಚಿ. ರಸ್ತೆ ಪಕ್ಕ ಗುಡ್ಡೆ ಹಾಕಿ ಮಳೆ ಬಿಸಿಲಿಗೆ ಬಿಟ್ಟ ತಿಪ್ಪೆಯಿಂದ ಹರಿಯೋ ಕಂದು ನೀರಿದೆ ನೋಡಿ, ಸಾರಜನಕ, ಪೊಟ್ಯಾಷ್ ಎರಡೂ ಅದ್ರಲ್ಲೇ ಹೋಗ್ತಿರೋದು.

ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಅರ್ಧ ಪರ್ಸೆಂಟ್. ಅಂದ್ರೆ ಟನ್ನಿಗೆ 5 ಕೆಜಿ, ಅದ್ರಲ್ಲಿ ಮೊದಲ ಬೆಳೆಗೆ ಸಿಗೋದು ಮೂರನೇ ಒಂದು ಭಾಗ ಅಂದ್ಕೊಳಿ, ಮಿಕ್ಕಿದ್ದು ಮುಂದಿನ ವರ್ಷಗಳಿಗೆ. ಬಿತ್ತೋಕೆ ಎರಡು ಮೂರು ವಾರ ಮುಂಚೆ ಹರಡಿ, ಹರಡಿದ ದಿನಾನೇ ಉತ್ತುಬಿಡಿ. ಸಣ್ಣ ಸಣ್ಣ ಗುಡ್ಡೆ ಮಾಡಿ ತಿಂಗಳುಗಟ್ಲೆ ಹೊಲದಲ್ಲಿ ಬಿಡೋ ಅಭ್ಯಾಸ ನಮ್ಮ ಕಡೆ ಎಲ್ಲಾ ಇದೆ, ಬೇಡ, ಗುಡ್ಡೆ ಇದ್ದ ಜಾಗದಲ್ಲಿ ಮಾತ್ರ ಕಡು ಹಸಿರು ಪೈರು ಬಂದು ಮಿಕ್ಕಿದ್ದು ತೆಳ್ಳಗೆ ಇರೋದು ನೀವೇ ನೋಡಿರ್ತೀರ. ಕುರಿ ಮಂದೆ ನಿಲ್ಲಿಸೋರೂ ಅಷ್ಟೇ, ಮಂದೆ ಎದ್ದ ಬೆಳಿಗ್ಗೆನೇ ಒಂದು ಸಾಲು ಹೊಡೀರಿ, ಗಂಜಲ ಮಣ್ಣೊಳಗೆ ಸೇರ್ಕೊಳುತ್ತೆ.

ಹಂಗಾದ್ರೆ ಇಷ್ಟು ಕಡಿಮೆ ಸಾರಜನಕಕ್ಕೆ ಗೊಬ್ಬರ ಯಾಕೆ ಹೊರ್ಬೇಕು ಅಂತ ಕೇಳ್ಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಮಳೆ ಆಶ್ರಯದ ರಾಗಿ ಮೇಲೆ 1978ರಿಂದ ಒಂದೇ ಜಾಗದಲ್ಲಿ ವರ್ಷ ವರ್ಷ ಪ್ರಯೋಗ ನಡೆಸ್ಕೊಂಡು ಬಂದಿದಾರೆ, ಬರೀ ರಸಗೊಬ್ಬರ ಹಾಕಿದ ತಾಕಲ್ಲಿ ಇಳುವರಿ ವರ್ಷ ಕಳೆದಂಗೆ ಇಳೀತು, ಕೊಟ್ಟಿಗೆ ಗೊಬ್ಬರ ಮತ್ತೆ ರಸಗೊಬ್ಬರ ಎರಡೂ ಸೇರಿಸಿ ಹಾಕಿದ ಕಡೆ ಸ್ಥಿರವಾಗಿ ನಿಂತ್ಕೊಳ್ತು. ಅಮೋನಿಯಂ ನೈಟ್ರೇಟ್ ಆಗೋವಾಗ ಪ್ರತಿಸಲ ಮಣ್ಣಿಗೆ ಆಮ್ಲ ಸೇರುತ್ತೆ, ಮೊದಲೇ ಹುಳಿ ಕಡೆ ವಾಲಿರೋ ನಮ್ಮ ಕೆಂಪು ಮಣ್ಣಿಗೆ ಬರೀ ಯೂರಿಯಾ ಸುರೀತಾ ಹೋದ್ರೆ ಪಿಎಚ್ ಇಳಿಯುತ್ತೆ, ಗೊಬ್ಬರದ ಸಾವಯವ ಅಂಶ ಆ ಪೆಟ್ಟನ್ನ ತಡೆಯುತ್ತೆ, ಅಮೋನಿಯಂನ ಹಿಡ್ಕೊಳುತ್ತೆ, ನೀರನ್ನೂ ಹಿಡ್ಕೊಳುತ್ತೆ. ಯೂರಿಯಾ ಬೇಡವೇ ಬೇಡ ಅನ್ನೋರ ಜೊತೆಗೂ ಗೊಬ್ಬರ ದಂಡ ಅನ್ನೋರ ಜೊತೆಗೂ ನಾನು ಒಪ್ಪಲ್ಲ, ಕಾರಣ ಇದೇ.

ಹೆಜ್ಜೆ 4: ಒಂದು ಎಕರೆ ರಾಗಿಗೆ ಲೆಕ್ಕ

ಮಳೆ ಆಶ್ರಯದ ರಾಗಿಗೆ ಶಿಫಾರಸು ಹೆಕ್ಟೇರಿಗೆ 50 ಕೆಜಿ ಸಾರಜನಕ, 40 ಕೆಜಿ ರಂಜಕ, ಜೊತೆಗೆ ಏಳೂವರೆ ಟನ್ ಕೊಟ್ಟಿಗೆ ಗೊಬ್ಬರ. ಎಕರೆಗೆ ಇಳಿಸಿದ್ರೆ 20 ಕೆಜಿ ಸಾರಜನಕ, 16 ಕೆಜಿ ರಂಜಕ, 3 ಟನ್ ಗೊಬ್ಬರ, ಅಂದ್ರೆ ಹೆಚ್ಚುಕಮ್ಮಿ ಒಂದು ಟ್ರ್ಯಾಕ್ಟರ್ ಲೋಡು ಇಲ್ಲಾ ಅದಕ್ಕಿಂತ ಸ್ವಲ್ಪ ಜಾಸ್ತಿ. ಈ 3 ಟನ್ ಶಿಫಾರಸಿನ ಒಳಗೇ ಇದೆ, ಹಾಗಾಗಿ ಇದಕ್ಕೋಸ್ಕರ ಯೂರಿಯಾ ಕಳೀಬೇಡಿ.

ರಂಜಕಕ್ಕೆ 35 ಕೆಜಿ ಡಿಎಪಿ (ರಂಜಕ, ಸಾರಜನಕ ಎರಡೂ ಇರೋ ರಸಗೊಬ್ಬರ) ಸಾಕು, ಅದ್ರಲ್ಲೇ ಸಾರಜನಕ 6 ಕೆಜಿ ಚಿಲ್ರೆ ಬಂತು. ಮಿಕ್ಕಿದ್ದು ಸುಮಾರು 14 ಕೆಜಿ. ಯೂರಿಯಾದಲ್ಲಿ 46 ಪರ್ಸೆಂಟ್ ಸಾರಜನಕ, ಹಾಗಾಗಿ 30 ಕೆಜಿ ಯೂರಿಯಾ. ಈಗ ಬರೋ ಮೂಟೆ 45 ಕೆಜಿದು, ಅಂದ್ರೆ ಎಕರೆಗೆ ಒಂದು ಪೂರ್ತಿ ಮೂಟೆ ಕೂಡ ಬೇಡ, ಮೂರನೇ ಎರಡು ಭಾಗ ಸಾಕು! ಬಿತ್ತನೆಗೆ ಡಿಎಪಿ ಜೊತೆ 8 ಕೆಜಿ, ಉಳಿದ 22 ಕೆಜಿ ಮೂರು ನಾಲ್ಕು ವಾರ ಆದ್ಮೇಲೆ ಮೇಲುಗೊಬ್ಬರವಾಗಿ. ಪೊಟ್ಯಾಷ್ ಎಷ್ಟು ಅಂತ ನಿಮ್ಮ ಕಾರ್ಡ್ ನೋಡಿ ಹಾಕಿ. ನೀರಾವರಿ ರಾಗಿ ಆದ್ರೆ ಸಾರಜನಕ ಎರಡರಷ್ಟು, ಹೆಕ್ಟೇರಿಗೆ 100 ಕೆಜಿ.

ಕೋಳಿ ಗೊಬ್ಬರ ಹಾಕೋರು ಮಾತ್ರ ಕಡ್ಡಾಯವಾಗಿ ಕಳೀಬೇಕು. ಅದ್ರಲ್ಲಿ ಸಾರಜನಕ 2ರಿಂದ 3 ಪರ್ಸೆಂಟ್, ಬೇಗ ಬಿಡುಗಡೆ ಆಗುತ್ತೆ, ಒಂದು ಟನ್ನಲ್ಲಿ 25 ಕೆಜಿ ಇದ್ರೆ ಅರ್ಧದಷ್ಟು ಮೊದಲ ಬೆಳೆಗೇ ಸಿಕ್ಕಿಬಿಡುತ್ತೆ, ಹತ್ರ ಹತ್ರ 27 ಕೆಜಿ ಯೂರಿಯಾ ಹಾಕಿದಂಗೆ. ನಾಲ್ಕು ವರ್ಷದ ಹಿಂದೆ ನಾನು ಹೊಸಕೋಟೆ ಕಡೆಯ ಒಂದು ಫಾರಮ್ಮಿಂದ ಹಸಿ ಕೋಳಿ ಗೊಬ್ಬರ ತಂದು ಐದೇ ದಿನಕ್ಕೆ ನವಿಲುಕೋಸು ಸಸಿ ನಾಟಿ ಮಾಡಿಸಿದ್ದೆ, ಎಲೆ ಅಂಚು ಸುಟ್ಟು ಕಾಲು ಭಾಗ ಸಸಿ ಹೋಯ್ತು, ಅಮೋನಿಯ ಮತ್ತೆ ಉಪ್ಪಿನ ಅಂಶ ಎಳೆ ಬೇರಿಗೆ ತಡೆಯಲ್ಲ. ಕೋಳಿ ಗೊಬ್ಬರನ ಒಣ ಎಲೆ ಹುಲ್ಲು ಸೇರಿಸಿ, ನೀರು ಚಿಮುಕಿಸಿ, ಎರಡು ತಿಂಗಳಾದ್ರೂ ಕೊಳೆಸಿ, ಒಳಗೆ ಕೈ ಇಟ್ರೆ ಬಿಸಿ ಇರ್ಬಾರದು, ಘಾಟು ಇರ್ಬಾರದು.

ಜೀವಾಮೃತ ಮಾಡೋರು ಒಂದು ಮಾತು ಕೇಳ್ತಾರೆ, ಇದೊಂದೇ ಸಾಲ್ದಾ ಅಂತ. 200 ಲೀಟರ್ ಡ್ರಮ್ಮಿಗೆ ಹಾಕೋ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೇಳೆ ಹಿಟ್ಟು ಇಷ್ಟರಲ್ಲಿರೋ ಸಾರಜನಕ ಎಲ್ಲಾ ಕೂಡಿದ್ರೆ ಕಾಲು ಕೆಜಿನೂ ಆಗಲ್ಲ. ಹಾಕ್ಬೇಡಿ ಅಂತಿಲ್ಲ, ನಾವೂ ಹಾಕ್ತೀವಿ, ಆದ್ರೆ ಬೆಳೆಗೆ ಬೇಕಾದ 20 ಕೆಜಿ ಬೇರೆ ಕಡೆಯಿಂದ ಬರ್ಲೇಬೇಕು. ಹೊಂಗೆ ಹಿಂಡಿಲಿ ಸುಮಾರು 4 ಪರ್ಸೆಂಟ್, ಹರಳು ಹಿಂಡಿಲೂ ಅಷ್ಟೇ, ಬೇವಿನ ಹಿಂಡಿಲಿ 5, ಎರೆಗೊಬ್ಬರದಲ್ಲಿ 1ರಿಂದ ಒಂದೂವರೆ.

ಹೆಜ್ಜೆ 5: ಯೂರಿಯಾ ಮಣ್ಣೊಳಗೆ ಹೋಗ್ಬೇಕು

ಚಿಕ್ಕಪ್ಪಂಗೆ ಹೇಳಿದ್ದು ಇದನ್ನೇ. "ಚಿಕ್ಕಪ್ಪ, ಮುಂದಿನ ಸಲ ಕಳೆ ತೆಗೆಸಿ, ಹದ ಇದ್ದಾಗ ಸಾಲಿನ ಪಕ್ಕ ಉದುರಿಸಿ, ಹಿಂದೇನೇ ಕುಂಟೆ ಹೊಡೆಸಿಬಿಡಿ" ಅಂತ. ಎರಡು ಇಂಚು ಮಣ್ಣು ಮುಚ್ಚಿದ್ರೆ ಸಾಕು, ಅಮೋನಿಯ ಮೇಲೆ ಬರೋಕೆ ಮುಂಚೆನೇ ಮಣ್ಣಿನ ಕಣ ಹಿಡ್ಕೊಳುತ್ತೆ. ಕಳೆ ತೆಗೀದೆ ಹಾಕಿದ್ರೆ ಕಳೆಗೇ ಮೊದಲ ಊಟ. ಎಲೆ ಮೇಲೆ ಇಬ್ಬನಿ ಇರೋವಾಗ ಚೆಲ್ಲಬೇಡಿ, ಹರಳು ಅಂಟ್ಕೊಂಡು ಸುಡುತ್ತೆ. ಜೋರು ಮಳೆ ಮುನ್ಸೂಚನೆ ಇದ್ರೆ ಎರಡು ದಿನ ಕಾಯಿರಿ, ಸಣ್ಣಗೆ ಒಂದು ಸಾಧಾರಣ ಮಳೆ ಬರೋದಿದ್ರೆ ಅದ್ರ ಮುಂಚೆ ಹಾಕಿದ್ರೆ ಅದೇ ಮಣ್ಣೊಳಗೆ ಇಳಿಸುತ್ತೆ. ಬೆಂಗಳೂರಲ್ಲಿ ಅತಿ ಹೆಚ್ಚು ಮಳೆ ಬೀಳೋದು ಸೆಪ್ಟೆಂಬರಲ್ಲಿ, ಉತ್ತರೆ ಮಳೆ ಹಿಡ್ಕೊಂಡಾಗ ನೈಟ್ರೇಟು ಬೇರಿಗಿಂತ ಕೆಳಗೆ ಹೋಗೋದು ಜಾಸ್ತಿ, ಆ ಹೊತ್ತಿಗೆ ಪೂರ್ತಿ ಗೊಬ್ಬರ ಒಂದೇ ಸಲ ಸುರಿದು ಕೂತಿರ್ಬಾರದು.

2015ರಿಂದ ದೇಶದಲ್ಲಿ ತಯಾರಾಗೋ ಯೂರಿಯಾಗೆ ಬೇವಿನ ಎಣ್ಣೆ ಲೇಪನ ಕಡ್ಡಾಯ, ಬೇವು ಆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾನ ಸ್ವಲ್ಪ ನಿಧಾನ ಮಾಡುತ್ತೆ. ಇದ್ರಿಂದ ಸೋರಿಕೆ ಕಡಿಮೆ ಆಗುತ್ತೆ, ಆದ್ರೆ ಮಣ್ಣಿನ ಮೇಲೇ ಬಿಟ್ರೆ ಅಮೋನಿಯ ಹಾರೋದನ್ನ ಬೇವು ತಡೆಯಲ್ಲ, ಇದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದಾರೆ.

ಹೆಜ್ಜೆ 6: ಹಸಿ ಹುಲ್ಲು, ಅರೆಬೆಂದ ಕಾಂಪೋಸ್ಟ್ ಹಾಕೋ ಮುಂಚೆ

ಇಂಗಾಲ ಜಾಸ್ತಿ ಸಾರಜನಕ ಕಡಿಮೆ ಇರೋ ರಾಗಿ ಹುಲ್ಲು, ಜೋಳದ ದಂಟು, ಮರದ ಪುಡಿ ಮಣ್ಣಿಗೆ ಸೇರಿಸಿದ್ರೆ ಅದನ್ನ ಕೊಳೆಸೋ ಜೀವಿಗಳಿಗೇ ಸಾರಜನಕ ಬೇಕು, ಅವು ಮಣ್ಣಲ್ಲಿ ಇರೋದನ್ನ ಎತ್ಕೊಂಡು ತಮ್ಮ ಮೈಯೊಳಗೆ ಕಟ್ಕೊಳ್ತವೆ. ಪೈರು ಹಸಿದು ಹಳದಿ ಆಗುತ್ತೆ. ಅವು ಸತ್ತ ಮೇಲೆ ವಾಪಸ್ ಸಿಗುತ್ತೆ, ಆದ್ರೆ ಅಷ್ಟೊತ್ತಿಗೆ ತಿಂಗಳು ಒಂದೂವರೆ ತಿಂಗಳು ಕಳೆದಿರುತ್ತೆ. ಇಂಗಾಲ ಸಾರಜನಕಕ್ಕಿಂತ 20 ಪಟ್ಟಿನ ಒಳಗಿದ್ರೆ ಆ ವಸ್ತು ಬೆಳೆಗೆ ಸಾರಜನಕ ಕೊಡುತ್ತೆ, 30 ಪಟ್ಟು ದಾಟಿದ್ರೆ ಮೊದ್ಲು ಕಿತ್ಕೊಳುತ್ತೆ, ಈ ಎರಡು ಅಂಕಿ ನೆನಪಿಟ್ಕೊಳಿ. ಸಿಟಿ ಕಸದ ಕಾಂಪೋಸ್ಟ್ ತರೋರು ಒಂದು ಹಿಡಿನ ಒದ್ದೆ ಮಾಡಿ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಮೂರು ದಿನ ಇಟ್ಟು ಬಿಚ್ಚಿ ಮೂಸಿ, ಮಣ್ಣಿನ ವಾಸನೆ ಬಂದ್ರೆ ಸರಿ, ಹುಳಿ ಅಥವಾ ಘಾಟು ಬಂದ್ರೆ ಇನ್ನೂ ಕೊಳೀಬೇಕು.

ಹೆಜ್ಜೆ 7: ಅಕ್ಕಡಿ ಸಾಲು ಬಿಡ್ಬೇಡಿ

ರಾಗಿ ನಡುವೆ ಅವರೆ, ತೊಗರಿ, ಅಲಸಂದೆ ಅಕ್ಕಡಿ ಹಾಕೋದು ನಮ್ಮ ಹಿರಿಯರ ಪದ್ಧತಿ, ಟ್ರ್ಯಾಕ್ಟರ್ ಬಂದ್ಮೇಲೆ ಅಡ್ಡ ಆಗುತ್ತೆ ಅಂತ ಬಿಟ್ಟಿದಾರೆ. ಅವುಗಳ ಬೇರಿನ ಗಂಟಲ್ಲಿರೋ ರೈಜೋಬಿಯಂ ಗಾಳಿಯ ಸಾರಜನಕನೇ ಹಿಡಿದು ಕೊಡುತ್ತೆ, ಕಾರ್ಖಾನೆಲಿ ಭಾರೀ ಒತ್ತಡ ಶಾಖ ಇಟ್ಟು ಮಾಡೋ ಕೆಲಸ. ಹೂ ಬರೋ ಹೊತ್ತಿಗೆ ಒಂದು ಗಿಡ ಮೆಲ್ಲಗೆ ಅಗೆದು ಗಂಟನ್ನ ಉಗುರಲ್ಲಿ ಸೀಳಿ, ಒಳಗೆ ಕೆಂಪು ಗುಲಾಬಿ ಬಣ್ಣ ಇದ್ರೆ ಕೆಲಸ ಮಾಡ್ತಿದೆ, ಬಿಳಿ ಅಥವಾ ಹಸಿರಿದ್ರೆ ಇಲ್ಲ. ಆ ಸಾಲಿಗೆ ಯೂರಿಯಾ ತಾಗಿಸ್ಬೇಡಿ, ಸುಲಭವಾಗಿ ನೈಟ್ರೇಟ್ ಸಿಕ್ರೆ ಗಿಡ ಗಂಟು ಕಟ್ಟೋದನ್ನ ಕಡಿಮೆ ಮಾಡುತ್ತೆ. ಸಾರಜನಕ ಬಹುಪಾಲು ಕಾಳಲ್ಲಿ ಹೋಗುತ್ತೆ, ಹಾಗಾಗಿ ಎಲೆ, ಬೇರು, ಹೊಟ್ಟು ಆದಷ್ಟು ಹೊಲಕ್ಕೇ ಬರ್ಲಿ.

ಹೆಜ್ಜೆ 8: ಬೋರ್‌ವೆಲ್ ನೀರಲ್ಲೂ ಗೊಬ್ಬರ ಇರ್ಬಹುದು

ಸೊಪ್ಪು ತರಕಾರಿ ಬೆಳೆಯೋರು ಇದನ್ನ ಓದ್ಲೇಬೇಕು. ಬೆಂಗಳೂರು ಸುತ್ತ ಎಷ್ಟೋ ಬೋರ್‌ವೆಲ್ ನೀರಲ್ಲಿ ನೈಟ್ರೇಟ್ ಜಾಸ್ತಿ, ಒಳಚರಂಡಿ ಸೋರಿಕೆ ಮತ್ತೆ ಹೊಲದ ಸೋರಿಕೆ ಎರಡೂ ಸೇರಿ. ಕುಡಿಯೋ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅಷ್ಟು ನೈಟ್ರೇಟ್ ಇರೋ ನೀರನ್ನ ಎಕರೆಗೆ ಒಂದ್ಸಲ ಎರಡು ಇಂಚು ಹಾಯಿಸಿದ್ರೆ 2 ಲಕ್ಷ ಲೀಟರು, ಅದ್ರಲ್ಲಿ 2 ಕೆಜಿ ಸಾರಜನಕ ಬಂತು. ಹತ್ತು ಸಲ ಹಾಯಿಸಿದ್ರೆ 20 ಕೆಜಿ, ಪೂರ್ತಿ ರಾಗಿ ಬೆಳೆಯ ಲೆಕ್ಕ! ವೃಷಭಾವತಿ ನೀರು ಬರೋ ಬೈರಮಂಗಲ ಕಡೆಯ ಥರ ಕೊಳಚೆ ನೀರು ಹಾಯೋ ಹೊಲಗಳಲ್ಲಂತೂ ಮೇಲೆ ಯೂರಿಯಾ ಹಾಕೋಕೆ ಮುಂಚೆ ನೀರು ಮಣ್ಣು ಎರಡೂ ಪರೀಕ್ಷೆ ಆಗ್ಬೇಕು. ಅತಿಯಾದ್ರೆ ಸೊಪ್ಪಲ್ಲಿ ನೈಟ್ರೇಟ್ ಸೇರ್ಕೊಳುತ್ತೆ, ಗಿಡ ಮೆತ್ತಗಾಗಿ ಹೇನು ಮುತ್ತುತ್ತೆ. ಮನೆಲಿ ಬಾಣಂತಿ, ಎಳೆ ಕೂಸು ಇದ್ರೆ ಅದೇ ಬೋರ್ ನೀರನ್ನ ಹಾಲಿನ ಪುಡಿ ಕಲಸೋಕೆ ಬಳಸ್ಬೇಡಿ, ನೈಟ್ರೇಟ್ ಕೂಸಿನ ರಕ್ತ ಆಮ್ಲಜನಕ ಒಯ್ಯೋ ಶಕ್ತಿನ ಕುಂದಿಸುತ್ತೆ, ಕುದಿಸಿದ್ರೂ ಹೋಗಲ್ಲ, ನೀರು ಆವಿ ಆಗಿ ಇನ್ನೂ ಗಟ್ಟಿ ಆಗುತ್ತೆ.

ಹೆಜ್ಜೆ 9: ಒಂದು ಪಟ್ಟಿ ಖಾಲಿ ಬಿಡಿ

ಕೆಳಗಿನ ಹಳೆ ಎಲೆ ತುದಿಯಿಂದ ಹಳದಿ ಆಗ್ತಾ ಬಂದ್ರೆ ಸಾರಜನಕದ ಕೊರತೆ, ಮೇಲಿನ ಎಳೆ ಎಲೆ ಹಳದಿ ಆದ್ರೆ ಗಂಧಕದ್ದೋ ಕಬ್ಬಿಣದ್ದೋ ಕೊರತೆ ಇರುತ್ತೆ, ಅದಕ್ಕೆ ಯೂರಿಯಾ ಹಾಕಿ ಪ್ರಯೋಜನ ಇಲ್ಲ. ಆದ್ರೆ ಕಣ್ಣಿಗಿಂತ ನಂಬಿಕೆಯ ದಾರಿ ಇನ್ನೊಂದಿದೆ. ಹೊಲದ ಒಂದು ಮೂಲೆಲಿ ಹತ್ತಡಿ ಅಗಲದ ಪಟ್ಟಿಗೆ ಗೊಬ್ಬರ ಮಾತ್ರ ಹಾಕಿ ಮೇಲುಗೊಬ್ಬರ ಯೂರಿಯಾ ಹಾಕ್ಬೇಡಿ, ನಾಲ್ಕು ಮೂಲೆಗೂ ಗೂಟ ಹೊಡೀರಿ. ಕೊಯ್ಲಲ್ಲಿ ಆ ಪಟ್ಟಿದೂ ಪಕ್ಕದ ಅಷ್ಟೇ ಅಳತೆಯ ಪಟ್ಟಿದೂ ತೆನೆ ಬೇರೆ ಬೇರೆ ಬಡಿದು ತೂಗಿ. ವ್ಯತ್ಯಾಸ ಜೋರಾಗಿದ್ರೆ ಯೂರಿಯಾ ಕೆಲಸ ಮಾಡಿದೆ, ಹೆಚ್ಚೇನೂ ಇಲ್ಲ ಅಂದ್ರೆ ಒಂದಾ ನಿಮ್ಮ ಮಣ್ಣೇ ಸಾಕಷ್ಟು ಕೊಡ್ತಿದೆ, ಇಲ್ಲಾ ಹಾಕಿದ್ದು ಬೇರಿಗೆ ಸೇರ್ತಿಲ್ಲ, ಯಾವುದು ಅಂತ ಸಾವಯವ ಇಂಗಾಲದ ಅಂಕಿ ಜೊತೆ ಇಟ್ಟು ನೋಡಿದ್ರೆ ಗೊತ್ತಾಗುತ್ತೆ. ಚಿಕ್ಕಪ್ಪ ಈ ವರ್ಷಕ್ಕೆ ಬೇವಿನ ಮರದ ಪಕ್ಕದ ಮೂಲೆ ಆರಿಸಿದ್ರು, ಮರದ ನೆರಳಲ್ಲಿ ಹೋಲಿಕೆ ಸರಿ ಬರಲ್ಲ ಅಂತ ಹೇಳಿ ಗೂಟಗಳನ್ನ ಮಧ್ಯಕ್ಕೆ ಸರಿಸಿದೀವಿ.